ಸುಣ್ಣದ ಕೆಳಗಿನ ಹೆಸರು

ಬೆಳಿಗ್ಗೆ ಏಳು ಗಂಟೆಗೆ ಆರ್‌ಪಿಸಿ ಲೇಔಟಿನ ಮನೆಯಿಂದ ಹೊರಟೆ. ಚೀಲದಲ್ಲಿ ಕ್ಯಾಮೆರಾ, ಮೂರು ಕಾಲಿನ ಸ್ಟ್ಯಾಂಡು, ಛತ್ರಿ, ನೀರಿನ ಬಾಟಲಿ ಇದ್ದವು. ಹೆಂಡತಿ ಅದರೊಳಗೆ ಬಲವಂತವಾಗಿ ಒಂದು ಟವೆಲ್ ತುರುಕಿದಳು. ಯಾಕೆ ಎಂದು ಕೇಳಿದೆ. "ಹೋಗ್ತಿರೋದು ಸ್ಮಶಾನಕ್ಕೆ. ಬಂದವ್ರು ಹಾಗೇ ಮೂರನೇ ಮಹಡಿಗೆ ಹತ್ಬೇಡಿ. ಪಾರ್ಕಿಂಗಲ್ಲಿ ಕೊಳಾಯಿ ಇದೆಯಲ್ಲ, ಅಲ್ಲೇ ಎರಡು ಚೊಂಬು ಸುರ್ಕೊಳ್ಳಿ" ಎಂದಳು. ಹಿತ್ತಿಲೂ ಇಲ್ಲದ, ಬಾವಿಯೂ ಇಲ್ಲದ ಫ್ಲಾಟಿನಲ್ಲಿ ಮಡಿ ಮೈಲಿಗೆ ಮಾತ್ರ ಚೆನ್ನಾಗಿಯೇ ಉಳಿದುಕೊಂಡಿದೆ. ವಾದ ಮಾಡಿದರೆ ರಾತ್ರಿಯ ಊಟಕ್ಕೆ ಕುತ್ತು ಎಂದು ಚೀಲ ಹೆಗಲಿಗೇರಿಸಿದೆ.

ನಾನು ರಾಜಾಜಿನಗರದಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಒಂದು ಸಣ್ಣ ಸ್ಟುಡಿಯೋ ನಡೆಸಿದವನು. ಪಾಸ್‌ಪೋರ್ಟ್ ಫೋಟೋ, ಮದುವೆ, ನಾಮಕರಣ. ಯಾರ ಮನೆಯಲ್ಲಾದರೂ ಹಿರಿಯರು ತೀರಿಕೊಂಡರೆ ಕೊನೆಯ ಫೋಟೋಕ್ಕೂ ನನಗೇ ಕರೆ ಬರುತ್ತಿತ್ತು. ಎಲ್ಲರ ಜೇಬಿಗೂ ಕ್ಯಾಮೆರಾ ಬಂದ ಮೇಲೆ ಅಂಗಡಿ ಮುಚ್ಚಿ, ಮನೆಯಲ್ಲೇ ಕೂತು ಜನರ ಹಳೆಯ ಫೋಟೋಗಳನ್ನು ಕಂಪ್ಯೂಟರಿನಲ್ಲಿ ಸರಿಮಾಡಿಕೊಡುತ್ತೇನೆ. ಮಲ್ಲತ್ತಹಳ್ಳಿಯ ಮಾದೇವಮ್ಮ ನನ್ನನ್ನು ಹುಡುಕಿಕೊಂಡು ಬಂದದ್ದು ಆ ಕೆಲಸಕ್ಕೇ. ಅದಾಗಿ ನಾಲ್ಕು ವರ್ಷವಾಯಿತು.

"ನಮ್ಮಪ್ಪಂದು ಒಂದು ಫೋಟೋ ಮಾಡ್ಕೊಡಿ" ಎಂದರು. ಹಳೆಯದನ್ನು ಕೊಡಿ ಎಂದೆ. "ಹಳೇದಿದ್ದಿದ್ರೆ ನಿಮ್ಮತ್ರ ಯಾಕ್ ಬರ್ತಿದ್ದೆ" ಎಂದರು. ಅವರು ತಾಯಿಯ ಹೊಟ್ಟೆಯಲ್ಲಿದ್ದಾಗಲೇ ತಂದೆ ಮಿಲಿಟರಿ ಸೇರಿದರಂತೆ. ಅದು ಎರಡನೇ ಮಹಾಯುದ್ಧದ ಕಾಲ. ಗಡಿಗೂ ಹೋಗಲಿಲ್ಲ, ಗುಂಡೂ ತಗಲಲಿಲ್ಲ. ಕೆಂಗೇರಿಯಾಚೆ ಆಗ ಇದ್ದ ಮಿಲಿಟರಿ ಆಸ್ಪತ್ರೆಯಲ್ಲಿ, ಮಗಳು ಹುಟ್ಟುವ ಮೊದಲೇ, ಜ್ವರ ಬಂದು ತೀರಿಕೊಂಡರು. ಅವರ ಮನೆತನದಲ್ಲಿ ಹೂಳುವುದೇ ಪದ್ಧತಿಯಾದ್ದರಿಂದ ಅಲ್ಲೇ, ಬೇರೆ ಸಿಪಾಯಿಗಳ ಜೊತೆ ಹೂತರು. ಫೋಟೋ ಎಂಬುದು ಒಂದೂ ಉಳಿಯಲಿಲ್ಲ. ಮಹಾಲಯ ಅಮಾವಾಸ್ಯೆಯಲ್ಲಿ ಹಿರಿಯರ ಫೋಟೋಗಳನ್ನು ಸಾಲಾಗಿ ಜೋಡಿಸಿ ಎಡೆ ಇಡುವಾಗ, ಆ ಸಾಲಿನಲ್ಲಿ ಅಪ್ಪನ ಜಾಗಕ್ಕೆ ಒಂದು ಮಡಿಚಿದ ಪಂಚೆ, ಒಂದು ಚೊಂಬು. ಎಂಬತ್ತೆರಡು ವರ್ಷದಿಂದಲೂ ಅಷ್ಟೇ.

ನನ್ನ ವೃತ್ತಿಯಲ್ಲಿ ಇದಕ್ಕೊಂದು ಹಳೆಯ ಉಪಾಯವಿತ್ತು. ಸತ್ತವರ ತಮ್ಮನದೋ ಮಗನದೋ ಮುಖ ತೆಗೆದುಕೊಂಡು, ಮೀಸೆ ತಿದ್ದಿ, ಟೋಪಿ ಹಾಕಿ ಕೊಟ್ಟರೆ ಜನ ಒಪ್ಪಿಕೊಳ್ಳುತ್ತಿದ್ದರು. ನಾನೂ ಅದನ್ನೇ ಹೇಳಿದೆ. ಅವರು "ಚಿಕ್ಕಪ್ಪನ ಮುಖಕ್ಕೆ ಹಾರ ಹಾಕಿ ಅಪ್ಪ ಅನ್ನಾಣಾ?" ಎಂದು ಕೇಳಿ ಎದ್ದುಹೋದರು. ಆ ದಿನ ನನಗೆ ನಿಜಕ್ಕೂ ನಾಚಿಕೆಯಾಯಿತು.

ಈ ವರ್ಷ ಪಿತೃಪಕ್ಷ ಶುರುವಾದ ದಿನ ಅವರೇ ಫೋನ್ ಮಾಡಿದರು. ಒಂದು ಕಣ್ಣು ಪೂರ್ತಿ ಹೋಗಿದೆ, ಇನ್ನೊಂದೂ ದಿನದಿಂದ ದಿನಕ್ಕೆ ಮಂಜಾಗುತ್ತಿದೆ ಎಂದು ಡಾಕ್ಟರು ಹೇಳಿದ್ದಾರಂತೆ. ಮುಖ ಇಲ್ಲದಿದ್ದರೆ ಬೇಡ, ಅಪ್ಪನ ಕಲ್ಲಿನ ಮೇಲೆ ಹೆಸರಿದೆಯಂತೆ, ಅದನ್ನಾದರೂ ದೊಡ್ಡದಾಗಿ ತೆಗೆದುಕೊಡಿ, ಕಣ್ಣಿರುವಾಗ ಒಂದು ಸಲ ನೋಡುತ್ತೇನೆ ಎಂದರು. ಮೊಮ್ಮಗ ಹೋಗಿ ಮೊಬೈಲಿನಲ್ಲಿ ತೆಗೆದುಕೊಂಡು ಬಂದಿದ್ದನಂತೆ. ಬರೀ ಬಿಳಿ ಕಲ್ಲು, ಅಕ್ಷರವೇ ಇಲ್ಲ. ಅಮಾವಾಸ್ಯೆಗೆ ನಾಲ್ಕು ದಿನ ಬಾಕಿ ಇದ್ದಾಗ ನಾನು ಹೊರಟೆ.

ಕಣ್ಣಿನ ಪೊರೆ ತೆಗೆಸಿದ ಮೇಲೆ ಸ್ಕೂಟರ್ ಬಿಟ್ಟಿದ್ದೇನೆ. ಆಟೋದಲ್ಲಿ ಮಲ್ಲತ್ತಹಳ್ಳಿಗೆ ನೂರಾ ಇಪ್ಪತ್ತು ರೂಪಾಯಿ ಆಯಿತು. ಕೆರೆಯ ದಡದಲ್ಲಿ ವಾಕಿಂಗ್ ಮಾಡುವವರ ಸಾಲು, ಅದರ ಹಿಂದೆ ಹಳೇ ಊರಿನ ಬೀದಿ. ಮಾದೇವಮ್ಮನವರ ಮನೆ ಕೆಳಗೆ ಎರಡು ಬಾಡಿಗೆ ಅಂಗಡಿ, ಮೇಲೆ ಮೂರು ಬಾಡಿಗೆ ಮನೆ, ನಡುವೆ ಅವರು. ಜಗಲಿಯಲ್ಲಿ ಕೂತು ಕಾಯುತ್ತಿದ್ದರು. ಒಂದು ಕವರಿನಲ್ಲಿ ಸೇವಂತಿಗೆ ಹೂವು, ಊದುಬತ್ತಿ, ಬೆಂಕಿಪೊಟ್ಟಣ ಕೊಟ್ಟರು.

"ನೀವೂ ಬನ್ನಿ, ಆಟೋ ಮಾಡಿಸ್ತೀನಿ" ಎಂದೆ. ಅಲ್ಲಿಗೆ ಎಷ್ಟು ದೂರ, ಹನ್ನೆರಡು ಕಿಲೋಮೀಟರೂ ಇರಲಾರದು.

"ನಮ್ಮಲ್ಲಿ ಹೆಂಗಸರು ಹೋಗಕ್ಕಿಲ್ಲ ಕಣಪ್ಪ. ತಾತ ಹೋಗೋರು, ಆಮೇಲೆ ಚಿಕ್ಕಪ್ಪ ಹೋಗೋರು. ನಮ್ಮವ್ವನೂ ಹೋಗ್ನಿಲ್ಲ, ನಾನೂ ಹೋಗ್ನಿಲ್ಲ." ಕವರಿನ ಕಡೆ ಕೈ ತೋರಿಸಿ, "ಹೂವ ಇಟ್ಟಾಗ ನನ್ನ ಹೆಸರೇಳಿ. ಮಾದೇವಿ ಕಳ್ಸವಳೆ ಅಂತ" ಎಂದರು. ಕಲ್ಲಿನ ಜೊತೆ ಮಾತಾಡುವ ಕೆಲಸ ನನಗೆ ಹೊಸದು. ಆದರೂ ಹೂಂ ಎಂದೆ.

ಅಲ್ಲಿಂದ ಜ್ಞಾನಭಾರತಿ ಮೆಟ್ರೋ ನಿಲ್ದಾಣಕ್ಕೆ ಇನ್ನೊಂದು ಆಟೋ. ಸ್ಟ್ಯಾಂಡಿನ ಚೀಲ ತಪಾಸಣೆಯ ಯಂತ್ರದೊಳಗೆ ಹೋದಾಗ ಕಾವಲಿನ ಹುಡುಗಿ ಹುಬ್ಬು ಗಂಟಿಕ್ಕಿ ಬಿಚ್ಚಿಸಿದಳು. ಸ್ಟ್ಯಾಂಡನ್ನು ಬಿಟ್ಟಳು, ಬೆಂಕಿಪೊಟ್ಟಣವನ್ನು ತೆಗೆದಿಟ್ಟುಕೊಂಡಳು. "ಊದುಬತ್ತಿ ಇದೆ, ಹಚ್ಚೋದು ಹೇಗಮ್ಮ?" ಎಂದರೆ, "ಇಳಿದ ಮೇಲೆ ತಗೊಳ್ಳಿ ಸಾರ್, ಎಲ್ಲಾ ಕಡೆ ಸಿಗುತ್ತೆ" ಎಂದಳು. ಕೆಂಗೇರಿ ಮೂರನೆಯ ನಿಲ್ದಾಣ. ಬಲಗಡೆಯ ಕಿಟಕಿಯಿಂದ ನೋಡಿದರೆ ಮೋಡ, ಎಡಗಡೆ ಬಿಸಿಲು. ನನ್ನ ಕಸುಬಿಗೆ ಎರಡರಲ್ಲಿ ಒಂದು ಇರಬೇಕು, ಈ ಕಣ್ಣಾಮುಚ್ಚಾಲೆ ಆಗುವುದಿಲ್ಲ.

ಕೆಂಗೇರಿಯಲ್ಲಿ ಇಳಿದು ಒಂದು ಖಾಲಿ ದೋಸೆ, ಕಾಫಿ ಮುಗಿಸಿದೆ. ಯುದ್ಧಕಾಲದ ಮಿಲಿಟರಿ ಸ್ಮಶಾನ ಎಂದರೆ ಮೂವರು ಆಟೋದವರಿಗೆ ತಿಳಿಯಲಿಲ್ಲ. ನಾಲ್ಕನೆಯವನು, "ಓ, ಮಿಲಿಟ್ರಿ ತೋಪಾ? ಹಾಗ್ ಹೇಳಿ ಸಾರ್. ಚಿಕ್ಕೋರಿದ್ದಾಗ ಅಲ್ಲಿ ಕ್ರಿಕೆಟ್ ಆಡ್ತಾ ಇದ್ವಿ. ಬಾಲ್ ಒಳಗೆ ಬಿದ್ರೆ ಯಾರೂ ತರ್ತಾ ಇರ್ಲಿಲ್ಲ" ಎಂದ. ಮುಖ್ಯರಸ್ತೆಯಿಂದ ಒಳಕ್ಕೆ ನಾಲ್ಕು ಕಿಲೋಮೀಟರ್. ಹೊಸ ಲೇಔಟಿನ ಕಮಾನು, ಅರ್ಧ ಎದ್ದ ಅಪಾರ್ಟ್‌ಮೆಂಟುಗಳು, ಒಂದು ಕಲ್ಯಾಣ ಮಂಟಪ, ಅದರ ಪಕ್ಕ ಎದೆಯೆತ್ತರದ ಕಲ್ಲಿನ ಗೋಡೆ, ಕಬ್ಬಿಣದ ಗೇಟು.

ಗೇಟು ತೆಗೆದವರು ಒಬ್ಬ ಹೆಂಗಸು. ವಯಸ್ಸು ಐವತ್ತರ ಆಸುಪಾಸು, ಸೀರೆಯ ಮೇಲೆ ಗಂಡಸರ ಶರ್ಟು, ಕೈಯಲ್ಲಿ ಉದ್ದ ಕಡ್ಡಿಯ ಪೊರಕೆ. ಹೆಸರು ಸಾಕಮ್ಮ, ಅಲ್ಲಿ ಗುಡಿಸಿ ನೀರು ಹಾಕುವ ಕೆಲಸ. ಮಾದೇವಮ್ಮ ಹೇಳಿದ ಮಾತು ಇನ್ನೂ ಕಿವಿಯಲ್ಲಿತ್ತು. ತಡೆಯಲಾರದೆ, "ಇಲ್ಲಿಗೆ ಹೆಂಗಸರು ಬರಬಾರದು ಅಂತಾರಲ್ಲಮ್ಮ?" ಎಂದು ಕೇಳಿಯೇಬಿಟ್ಟೆ.

"ಅಂತಾರೆ ಸಾರ್. ಹನ್ನೊಂದು ವರ್ಷದಿಂದ ಗುಡಿಸ್ತಾ ಇದೀನಿ, ಇಲ್ಲೇ ಊಟ, ಇಲ್ಲೇ ಒಂದು ಗಳಿಗೆ ನಿದ್ದೆ. ಒಬ್ರೂ ಎದ್ದು ಬಂದು ಸಾರು ಬಡಿಸು ಅಂದಿಲ್ಲ." ಪುಸ್ತಕದಲ್ಲಿ ನನ್ನ ಹೆಸರು ಬರೆಸಿಕೊಂಡು ಒಳಗೆ ಬಿಟ್ಟರು.

ನಾನು ಊಹಿಸಿಕೊಂಡಿದ್ದು ಪಾಳುಬಿದ್ದ ಗುಡ್ಡೆಗಳನ್ನು. ಅಲ್ಲಿದ್ದದ್ದು ಶಾಲೆಯ ಪ್ರಾರ್ಥನೆಗೆ ನಿಂತಂತೆ ನೇರ ಸಾಲುಗಳು. ಮೊಣಕಾಲೆತ್ತರದ ಬೂದು ಕಲ್ಲುಗಳು, ನಡುವೆ ಕತ್ತರಿಸಿದ ಹುಲ್ಲು, ಅಂಚಿಗೆ ಹೊಂಗೆ ಮರಗಳು. ಬಂದ ಕೆಲಸ ಮರೆತು ಸಾಲು ಸಾಲು ಓದುತ್ತ ಹೋದೆ. ಕೆಲವು ಕಲ್ಲಿನ ಮೇಲೆ ಶಿಲುಬೆ, ಕೆಲವುಗಳ ಮೇಲೆ ಉರ್ದು, ಕೆಲವುಗಳ ಮೇಲೆ ನಾಗರಿ. ಮಲಬಾರಿನ ಹೆಸರು, ಪಂಜಾಬಿನ ಹೆಸರು, ನೇಪಾಳದ್ದು, ನನ್ನ ಬಾಯಿಗೆ ಹತ್ತದ ಆಫ್ರಿಕಾದ ಒಂದು ಹೆಸರು. ಯುದ್ಧ ಎಂದರೆ ಬಂದೂಕಿನವರು ಮಾತ್ರ ಎಂದು ತಿಳಿದಿದ್ದೆ. ಇಲ್ಲಿ ಅಡುಗೆಯವನಿದ್ದ, ಬಟ್ಟೆ ಒಗೆಯುವವನಿದ್ದ, ಹೇಸರಗತ್ತೆ ನೋಡಿಕೊಳ್ಳುವವನಿದ್ದ. ಸತ್ತ ಮೇಲೆ ಎಲ್ಲರಿಗೂ ಒಂದೇ ಅಳತೆಯ ಕಲ್ಲು ಕೊಟ್ಟಿದ್ದರು. ನನಗೆ ಅದು ಬಹಳ ಹಿಡಿಸಿತು.

"ನಿಮಗೆ ಯಾವ್ದು ಬೇಕಿತ್ತು?" ಎಂದು ಸಾಕಮ್ಮ ಕೇಳಿದರು. ಬಿಳಿಯ ಕಲ್ಲು, ಮಲ್ಲತ್ತಹಳ್ಳಿಯವರದು ಎಂದೆ. "ಸುಣ್ಣದಪ್ಪನಾ?" ಎಂದು ಮುಂದೆ ನಡೆದರು.

ಕೊನೆಯ ಸಾಲಿನಲ್ಲಿ, ಹೊಂಗೆ ಮರದ ಕೆಳಗೆ ಅದು ಇತ್ತು. ಆ ತೋಪಿನಲ್ಲೆಲ್ಲ ಅದೊಂದೇ ಬಿಳಿ. ನೋಡಿದ ಕೂಡಲೇ ಮೊಬೈಲಿನಲ್ಲಿ ಅಕ್ಷರ ಬಾರದ ಕಾರಣ ತಿಳಿಯಿತು. ತಾತನೂ ಚಿಕ್ಕಪ್ಪನೂ ವರ್ಷಕ್ಕೊಮ್ಮೆ ಬಂದು, ಊರಿನ ಸಮಾಧಿಗೆ ಮಾಡುವಂತೆ ಶ್ರದ್ಧೆಯಿಂದ ಸುಣ್ಣ ಬಳಿದಿದ್ದಾರೆ. ಅದರ ಮೇಲೆ ಅರಿಶಿನ ಕುಂಕುಮ, ಮರುವರ್ಷ ಮತ್ತೆ ಸುಣ್ಣ. ಯಾರೂ ಬಾರದ ಕಲ್ಲುಗಳ ಹೆಸರೆಲ್ಲ ಹತ್ತು ಹೆಜ್ಜೆ ದೂರದಿಂದ ಓದಬಹುದಿತ್ತು. ತಪ್ಪದೆ ಬಂದವರ ಕಲ್ಲಿನ ಹೆಸರು ಮಾತ್ರ ಮುಚ್ಚಿಹೋಗಿತ್ತು.

ಕೆರೆದು ತೆಗೆಯಬಹುದೇ ಎಂದೆ. "ಬೇಡ ಸಾರ್. ಕಲ್ಲು ಕೆರೆಯೋ ಹಾಗಿಲ್ಲ ಅಂತ ಮೇಲಿನವ್ರು ಹೇಳವ್ರೆ" ಎಂದರು. ನನಗೂ ಧೈರ್ಯವಿರಲಿಲ್ಲ. ಇಬ್ಬರು ಸತ್ತ ಗಂಡಸರ ಶ್ರದ್ಧೆಯನ್ನು ಉಗುರಿನಲ್ಲಿ ಕೀಳುವುದು ಹೇಗೆ? ಬಗ್ಗಿ ಬೆರಳಾಡಿಸಿದೆ. ಅಕ್ಷರವಿದ್ದ ಜಾಗ ಕೂದಲೆಳೆಯಷ್ಟು ತಗ್ಗಾಗಿದೆ ಎನಿಸಿತು. ಪಕ್ಕದಿಂದ ಬೆಳಕು ಸವರಿಕೊಂಡು ಹೋದರೆ ಆ ತಗ್ಗಿನಲ್ಲಿ ನೆರಳು ನಿಲ್ಲುತ್ತದೆ, ಅಕ್ಷರ ಕಾಣುತ್ತದೆ. ಆದರೆ ಕಲ್ಲು ಮರದ ದಟ್ಟ ನೆರಳಿನಲ್ಲಿದೆ, ಬಿಸಿಲು ಹತ್ತು ಅಡಿ ದೂರದಲ್ಲೇ ನಿಂತಿದೆ. ಒಂದು ಕನ್ನಡಿ ಬೇಕಿತ್ತು.

ಎದುರುಗಡೆ ಒಂದು ಹೇರ್ ಕಟಿಂಗ್ ಅಂಗಡಿ ಇತ್ತು. ಹೋಗಿ ಕೇಳಿದೆ. ಮಾಲೀಕ ಕೈಕನ್ನಡಿಯನ್ನು ಒರೆಸಿ ಕೊಡಲು ಬಂದವನು, "ಎಲ್ಲಿಗೆ ಸಾರ್?" ಎಂದ. ಎದುರಿಗೆ ತೋರಿಸಿದೆ. ಕನ್ನಡಿ ಮತ್ತೆ ಮೊಳೆಗೆ ಹೋಯಿತು. "ಬೇಜಾರ್ ಮಾಡ್ಕೋಬೇಡಿ. ಅಲ್ಲಿಗ್ ಹೋಗ್ಬಂದ ಕನ್ನಡೀಲಿ ನಾಳೆ ಯಾವ ಕಸ್ಟಮರ್ ಮುಖ ನೋಡ್ಕೋತಾನೆ ಹೇಳಿ?" ಹೊಸದೊಂದು ಕೊಳ್ಳೋಣವೆಂದರೆ ಅಂಥ ಅಂಗಡಿ ಕೆಂಗೇರಿಯಲ್ಲೇ ಸಿಗಬೇಕು ಎಂದ. ಅವನ ಮೇಲೆ ಸಿಟ್ಟು ಬರಲಿಲ್ಲ. ಟವೆಲ್ ಹೊತ್ತು ತಂದವನು ನಾನೇ. ಪಕ್ಕದ ಅಂಗಡಿಯಲ್ಲಿ ಬೆಂಕಿಪೊಟ್ಟಣ ಕೊಂಡು ವಾಪಸು ಬಂದೆ.

ಮಧ್ಯಾಹ್ನ ಒಂದಾಗಿತ್ತು. ಸಾಕಮ್ಮ ಗೋಡೆಯ ಪಕ್ಕ ಕೂತು ಮುದ್ದೆ, ಸೊಪ್ಪಿನ ಸಾರು ಉಂಡರು. ನನ್ನನ್ನೂ ಕರೆದರು, ದೋಸೆ ಇನ್ನೂ ಹೊಟ್ಟೆಯಲ್ಲಿತ್ತು. ಕೆಂಗೇರಿಗೆ ಹೋಗಿಬರುವಷ್ಟರಲ್ಲಿ ಬಿಸಿಲು ಇರುತ್ತದೋ ಇಲ್ಲವೋ ಎಂದು ಆಕಾಶ ನೋಡುತ್ತ ಕೂತಿದ್ದೆ. ಅವರು ಊಟದ ತಟ್ಟೆ ಬೂದಿ ಹಾಕಿ ತಿಕ್ಕಿ ತೊಳೆದು, ಒಣಗಲೆಂದು ಗೋಡೆಗೆ ಒರಗಿಸಿದರು. ಅಗಲವಾದ ಸ್ಟೀಲ್ ತಟ್ಟೆ. ಮೋಡ ಸರಿದ ಕೂಡಲೇ ತಟ್ಟೆಯಿಂದ ಹೊಂಗೆ ಮರದ ಕಾಂಡದ ಮೇಲೆ ಒಂದು ಬೆಳಕಿನ ಮಚ್ಚೆ ಬಿತ್ತು. ನಾನು ಎದ್ದೇ ಬಿಟ್ಟೆ.

"ಅಮ್ಮ, ಆ ತಟ್ಟೆ ಕೊಡ್ತೀರಾ?"

"ತಟ್ಟೆ ಯಾಕೆ? ಊಟ ಬೇಡ ಅಂದ್ರಲ್ಲ."

ವಿವರಿಸಿದೆ. ನಕ್ಕು, "ನಾನೇ ಹಿಡ್ಕೋತೀನಿ, ಎಲ್ಲಿಗೆ ಬೇಕು ಹೇಳಿ" ಎಂದರು. ಅವರನ್ನು ಕಲ್ಲಿನ ಎಡಕ್ಕೆ, ಬಿಸಿಲಿನ ಅಂಚಿನಲ್ಲಿ ನೆಲಕ್ಕೆ ಕೂರಿಸಿದೆ. ಕ್ಯಾಮೆರಾ ಸ್ಟ್ಯಾಂಡಿಗೆ ಹತ್ತಿತು. ಮೊದಲು ಬೆಳಕು ಆಕಾಶಕ್ಕೆ ಹೋಯಿತು, ಆಮೇಲೆ ನನ್ನ ಕಣ್ಣಿಗೆ ಹೊಡೆಯಿತು, ಆಮೇಲೆ ಪಕ್ಕದ ಪಂಜಾಬಿಯ ಕಲ್ಲಿನ ಮೇಲೆ ಬಿತ್ತು. "ಸ್ವಲ್ಪ ಕೆಳಗೆ. ಇನ್ನೂ ಸ್ವಲ್ಪ ಈ ಕಡೆ." ಅಷ್ಟರಲ್ಲಿ ಮೋಡ. ಕಾದೆವು. ಮತ್ತೆ ಬಿಸಿಲು, ಮತ್ತೆ ಮೋಡ. ಒಂದು ಗಂಟೆಗೂ ಹೆಚ್ಚು ಹೊತ್ತು ಹೀಗೇ ಹೋಯಿತು. ಸಾಕಮ್ಮ ಒಂದು ಸಲವೂ ಗೊಣಗಲಿಲ್ಲ, ಕೈ ಬದಲಾಯಿಸಿಕೊಂಡರು ಅಷ್ಟೇ.

ಎರಡೂವರೆಯ ಹೊತ್ತಿಗೆ ಬಿಸಿಲು ಗಟ್ಟಿಯಾಗಿ ನಿಂತಿತು. ತಟ್ಟೆಯ ಬೆಳಕು ಕಲ್ಲಿನ ಎಡ ಅಂಚಿನಿಂದ ಸವರಿಕೊಂಡು ಬಂತು. ಮೊದಲು ಮೇಲೆ ಒಂದು ಅಂಕಿ ಎದ್ದಿತು, ಅದರ ಪಕ್ಕ ಇನ್ನೊಂದು. ಅವು ಅವರ ನಂಬರು. ಕೆಳಗೆ ಸಿಪಾಯಿ ಎಂಬ ಪದ. ಅದರ ಕೆಳಗೆ ಇಂಗ್ಲಿಷಿನಲ್ಲಿ, ಒಂದೊಂದೇ ಅಕ್ಷರವಾಗಿ, ಮರಿಯಪ್ಪ. ಇನ್ನೂ ಕೆಳಗೆ ವಯಸ್ಸು. ಅಭ್ಯಾಸಬಲ ನೋಡಿ, ಕ್ಲಿಕ್ ಮಾಡುವ ಮೊದಲು ನನ್ನ ಬಾಯಿಂದ ಬಂದ ಮಾತು, "ಅಲ್ಲಾಡ್ಬೇಡಿ. ಗಲ್ಲ ಸ್ವಲ್ಪ ಮೇಲೆ. ರೆಡಿ." ಸಾಕಮ್ಮ ತಟ್ಟೆ ಹಿಡಿದುಕೊಂಡೇ ಗಲ್ಲ ಮೇಲೆತ್ತಿದರು.

ಇಪ್ಪತ್ತೇಳು ಫೋಟೋ ತೆಗೆದೆ. ಕ್ಯಾಮೆರಾದ ಪರದೆಯಲ್ಲಿ ಅವರಿಗೆ ತೋರಿಸಿದೆ. "ಏನಂತ ಬರ್ದದೆ ಸಾರ್? ಇಷ್ಟು ವರ್ಷ ಗುಡಿಸಿದೀನಿ, ಹೆಸರೇ ಗೊತ್ತಿಲ್ಲ."

"ಮರಿಯಪ್ಪ."

"ಓ, ನಮ್ಮೋನೇ" ಎಂದು ಕಲ್ಲಿನ ಬುಡದ ಎಲೆಗಳನ್ನು ಕೈಯಲ್ಲೇ ಸರಿಸಿದರು. ನಾನು ಊದುಬತ್ತಿ ಹಚ್ಚಿದೆ, ಸೇವಂತಿಗೆ ಇಟ್ಟೆ. ಸುತ್ತ ನೋಡಿ, ಸಣ್ಣ ದನಿಯಲ್ಲಿ, "ಮಾದೇವಿ ಕಳಿಸಿದ್ದಾಳೆ" ಎಂದೆ. ಹೇಳುವವರೆಗೂ ಮುಜುಗರವಾಗಿತ್ತು. ಹೇಳಿದ ಮೇಲೆ ಇನ್ನೊಂದು ಹೊಳೆಯಿತು. ಮಗಳ ಹೆಸರನ್ನು ಆ ಮನುಷ್ಯ ಕೇಳಿರಲಿಲ್ಲವಲ್ಲ, ಇಟ್ಟದ್ದೇ ಅವರು ಹೋದ ಮೇಲೆ. ಹೊರಡುವಾಗ ಸಾಕಮ್ಮನ ಕೈಗೆ ದುಡ್ಡು ಕೊಡಲು ಹೋದರೆ ಬೇಡವೆಂದು, ಒಂದು ಫೋಟೋ ತಂದುಕೊಡಲು ಹೇಳಿದರು. ಕಲ್ಲಿನದ್ದಲ್ಲ, ತಟ್ಟೆ ಹಿಡಿದ ತಮ್ಮದು. ಅದನ್ನೂ ತೆಗೆದೆ.

ಸಂಜೆಯ ಮೆಟ್ರೋದಲ್ಲಿ ವಿಜಯನಗರದವರೆಗೆ ನಿಂತೇ ಬಂದೆ. ಕಾಲೇಜಿನ ಹುಡುಗರು ಬಾಗಿಲ ಬಳಿ ಒತ್ತಿಕೊಂಡಿದ್ದರು. "ಮಚ್ಚಾ, ಅಂಕಲ್‌ಗೆ ಜಾಗ ಬಿಡೋ" ಎಂದು ಒಬ್ಬ ಸೀಟಿನಲ್ಲಿ ಕೂತಿದ್ದ ಗೆಳೆಯನನ್ನು ಎಬ್ಬಿಸಲು ನೋಡಿದ, ನಾನೇ ಬೇಡವೆಂದೆ. ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ, ಎರಡು ಕಾರುಗಳ ನಡುವೆ, ಚಡ್ಡಿಯಲ್ಲಿ ನಿಂತು ಚೊಂಬಿನಿಂದ ನೀರು ಸುರಿದುಕೊಂಡೆ. ಕೆಳಮನೆಯ ಆಂಟಿ ಲಿಫ್ಟಿನಿಂದ ಇಳಿದವರು ನೋಡಿ, ಹಾಗೇ ಲಿಫ್ಟಿನೊಳಗೆ ಹಿಂದೆ ಸರಿದರು.

ಮುಂದಿನ ಎರಡು ದಿನ ಆ ಇಪ್ಪತ್ತೇಳರಲ್ಲಿ ಒಂದನ್ನು ಆರಿಸುವುದರಲ್ಲೇ ಕಳೆದೆ. ಗೋರಿಯ ಆಕಾರ ಮನೆಯೊಳಗೆ ಬೇಡವೆಂದು ಮಾದೇವಮ್ಮನ ಮಗ ಫೋನಿನಲ್ಲಿ ಹೇಳಿದ್ದರಿಂದ ಅಂಚು ಕತ್ತರಿಸಿ, ಬರಹವಷ್ಟೇ ತುಂಬಿಕೊಳ್ಳುವಂತೆ ಮಾಡಿದೆ. ಎರಡು ಅಡಿ ಅಗಲದ ಪ್ರಿಂಟು, ಕಪ್ಪು ಕಟ್ಟು. ಅಮಾವಾಸ್ಯೆಯ ಹಿಂದಿನ ದಿನ ಹತ್ತು ಗಂಟೆಗೆ ಮತ್ತೆ ಮಲ್ಲತ್ತಹಳ್ಳಿಯಲ್ಲಿದ್ದೆ.

ಹಜಾರದಲ್ಲಿ ಹಬ್ಬದ ತಯಾರಿ ನಡೆದಿತ್ತು. ಒರೆಸಿಟ್ಟ ಫೋಟೋಗಳು ಗೋಡೆಗೆ ಒರಗಿದ್ದವು: ತಾತ, ಅಜ್ಜಿ, ಅವ್ವ, ಚಿಕ್ಕಪ್ಪ, ಮಾದೇವಮ್ಮನ ಯಜಮಾನರು. ಅವ್ವನ ಪಕ್ಕ ಒಂದು ಜಾಗ ಖಾಲಿ ಇತ್ತು. ಸೊಸೆ ಸುಧಾ ನೆಲದ ಮೇಲೆ ಕೂತು ಸಣ್ಣ ಕುಟ್ಟಾಣಿಯಲ್ಲಿ ಅಡಿಕೆ ಕುಟ್ಟುತ್ತಿದ್ದರು. ಎಲೆಯಡಿಕೆ ಎಂದರೆ ಪ್ರಾಣ ಬಿಡುತ್ತಿದ್ದರು ಎಂಬುದೊಂದೇ ಆ ತಂದೆಯ ಬಗ್ಗೆ ಮನೆಯಲ್ಲಿ ಉಳಿದ ಸುದ್ದಿಯಂತೆ. ಅದಕ್ಕೇ ಅವರ ಎಡೆಯ ಮುಂದೆ ತಪ್ಪದೆ ತಾಂಬೂಲ.

"ಪುಡಿ ಮಾಡೇ ಇಡ್ಬೇಕಾ?" ಎಂದೆ.

"ಅತ್ತೆ ಹಾಗೇ ಮಾಡ್ಸೋದು ಅಂಕಲ್. ನಾನು ಈ ಮನೆಗೆ ಬಂದಾಗಿಂದ್ಲೂ."

"ಆ ವಯಸ್ಸಿಗೆ ಹಲ್ಲಿರ್ತವಾ?" ಎಂದರು ಮಾದೇವಮ್ಮ, ಅದರಲ್ಲಿ ಕೇಳುವುದೇನಿದೆ ಎಂಬಂತೆ.

ನಾನು ಕಾಗದ ಬಿಚ್ಚಿ ಚಿತ್ರವನ್ನು ಅವರ ಮಡಿಲಿಗೆ ಇಟ್ಟೆ. ಅವರು ಅದನ್ನು ಕಿಟಕಿಯ ಕಡೆ ತಿರುಗಿಸಿ, ಒಳ್ಳೆಯ ಕಣ್ಣಿಗೆ ಹತ್ತಿರ ಹಿಡಿದು, ಮೂಲೆಯಿಂದ ಮೂಲೆಗೆ ನೋಡಿದರು. ಇಂಗ್ಲಿಷ್ ಅವರಿಗೆ ಬಾರದು. "ಎಲ್ಲಿ ಏನದೆ, ಓದಿ" ಎಂದರು. ಅವರ ಬೆರಳು ಹಿಡಿದು ಒಂದೊಂದು ಸಾಲಿನ ಮೇಲೂ ಇಟ್ಟು ಹೇಳಿದೆ. ಇದು ನಂಬರು. ಇದು ಸಿಪಾಯಿ. ಇದು ಮರಿಯಪ್ಪ. ಹೆಸರಿನ ಮೇಲೆ ಬೆರಳು ಎರಡು ಸಲ ಹೋಗಿ ಬಂತು.

"ಅದರ ಕೆಳಗೆ?"

"ವಯಸ್ಸು. ಇಪ್ಪತ್ತಮೂರು."

ಅವರ ಬೆರಳು ಆ ಅಂಕಿಯ ಮೇಲೇ ನಿಂತಿತು. ಚಿತ್ರದಿಂದ ಕಣ್ಣು ತೆಗೆಯದೆ ಮಾತಾಡಿದರು. "ಚಿಕ್ಕ ವಯಸ್ಸಲ್ಲೇ ಹೋದ್ರು ಅಂತ ಗೊತ್ತಿತ್ತು ಕಣಪ್ಪ. ಆದ್ರೂ ನಂಗೆ ವಯಸ್ಸಾಗ್ತಾ ಆಗ್ತಾ ಅವ್ರಿಗೂ ಆಯ್ತು ಅಂದ್ಕೊಂಡ್ಬಿಟ್ಟಿದ್ದೆ."

ಆಮೇಲೆ ಸೊಸೆಯ ಕಡೆ ತಿರುಗಿದರು.

"ಸುಧಾ, ಕುಟ್ಬೇಡ ನಿಲ್ಸೇ. ಇಡೀ ಅಡಿಕೇನೇ ಇಡು. ಹುಡುಗ ಅವನು, ಕಡ್ಕೋತಾನೆ."